ಒಂಟಿಯಾಗಿ ದೂರ ಹೊರಟಾಗ ಬೈಕ್ ಕೈಕೊಟ್ಟರೆ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಊರೊಳಗೆ ಗಾಡಿ ನಿಂತರೆ ತಳ್ಳಿಕೊಂಡು ಗ್ಯಾರೇಜಿಗೆ ಹೋಗಬಹುದು. ಹಿರಿಯೂರು ದಾಟಿದ ಮೇಲೆ ಬಯಲಿನಲ್ಲಿ, ಜೊತೆಗೆ ಯಾರೂ ಇಲ್ಲದೆ ನಿಂತರೆ ಲೆಕ್ಕವೇ ಬೇರೆ. ಅಲ್ಲಿ ತಿಳಿಯಬೇಕಾದದ್ದು ಒಂದೇ: ಈ ಗಾಡಿ ಮುಂದಿನ ಊರು ಮುಟ್ಟುತ್ತದೆಯೋ ಇಲ್ಲವೋ. ಪೂರ್ತಿ ರಿಪೇರಿ ಆಮೇಲಿನ ಮಾತು. ಕೆಳಗಿನ ಪ್ರತಿ ಭಾಗವೂ ಕಣ್ಣಿಗೆ, ಕಿವಿಗೆ, ಕೈಗೆ ಸಿಗುವ ಒಂದು ಲಕ್ಷಣದಿಂದ ಶುರುವಾಗುತ್ತದೆ. ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ಸ್ಪಾನರ್ ಹಿಡಿಯುವುದು ಆಮೇಲೆ.

ಇಲ್ಲಿರುವುದು 100ರಿಂದ 400 ಸಿಸಿವರೆಗಿನ ಒಂದೇ ಸಿಲಿಂಡರಿನ ಬೈಕುಗಳ ವಿಚಾರ. ನಿಮ್ಮದು ಕಾರ್ಬೊರೇಟರ್ ಗಾಡಿಯೋ (ಪೆಟ್ರೋಲ್ ತಾನಾಗಿ ಇಳಿದು ಗಾಳಿಯ ಜೊತೆ ಬೆರೆಯುವಂಥದ್ದು) ಇಂಜೆಕ್ಷನ್ ಗಾಡಿಯೋ (ಕರೆಂಟ್ ಪಂಪು ಪೆಟ್ರೋಲನ್ನು ಚಿಮ್ಮಿಸುವಂಥದ್ದು) ಎಂಬುದು ಹೊರಡುವ ಮೊದಲೇ ಗೊತ್ತಿರಲಿ. ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂದ 2020ರ ಏಪ್ರಿಲ್ ನಂತರದವು ಬಹುತೇಕ ಇಂಜೆಕ್ಷನ್. ಗಾಳಿ ಎಷ್ಟು, ಆಯಿಲ್ ಎಷ್ಟು, ಚೈನ್ ಸಡಿಲ ಎಷ್ಟು, ಯಾವ ಫ್ಯೂಸು ಎಲ್ಲಿದೆ ಎಂಬ ಪುಟಗಳನ್ನು ಗಾಡಿಯ ಜೊತೆ ಕೊಟ್ಟ ಪುಸ್ತಕದಿಂದ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಯಾವ ದೋಷವಾದರೂ ಮೊದಲು ಇದು

ಎಂಜಿನ್ ಸತ್ತ ಕ್ಷಣ ಕ್ಲಚ್ ಹಿಡಿದು, ಉಳಿದ ಓಟದಲ್ಲೇ ಎಡಕ್ಕೆ ಬನ್ನಿ. ತಿರುವಿನ ಬಾಯಲ್ಲಿ, ಸೇತುವೆ ಮೇಲೆ, ಲಾರಿಗಳು ನಿಲ್ಲುವ ಜಾಗದ ಹಿಂಬದಿಯಲ್ಲಿ ನಿಲ್ಲಬೇಡಿ. ನೂರು ಮೀಟರ್ ತಳ್ಳಬೇಕಾದರೂ ಸರಿ, ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣುವ ಜಾಗ ಹುಡುಕಿ. ಹೆದ್ದಾರಿಯಲ್ಲಿ ಗಾಡಿಗೂ ವಾಹನಗಳಿಗೂ ನಡುವೆ ಕೂತು ಕೆಲಸ ಮಾಡಬೇಡಿ. ತಡೆಬೇಲಿ ಇದ್ದರೆ ನೀವು ಅದರಾಚೆ ಇರಿ. ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡ್ ಮಣ್ಣಿಗೆ ಇಳಿದು ಗಾಡಿ ಮಗುಚುತ್ತದೆ. ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲೊಂದನ್ನು ಕೊಡಿ.

ಆಮೇಲೆ ಮೊಬೈಲ್ ತೆಗೆದು ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹಿಂದೆ ದಾಟಿದ ಊರಿನ ಹೆಸರು ಮನೆಯವರಿಗೆ ಕಳಿಸಿ. ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ, ಸಿಕ್ಕ ಕಡೆಯೇ ಕಳಿಸಿಬಿಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಎಲ್ಲ ಬಗೆಯ ತುರ್ತಿಗೆ 112, ಆಂಬುಲೆನ್ಸಿಗೆ 108.

ಸೈಲೆನ್ಸರ್, ಎಂಜಿನ್ ತಲೆ, ಡಿಸ್ಕ್ ಮೂರೂ ಚರ್ಮ ಸುಡುವಷ್ಟು ಕಾದಿರುತ್ತವೆ. ಹದಿನೈದು ಇಪ್ಪತ್ತು ನಿಮಿಷ ಕೈ ಹಾಕಬೇಡಿ. ಅಷ್ಟು ಹೊತ್ತು ಕಾದರೆ ಅರ್ಧ ದೋಷಗಳ ಜಾಡು ತಾನಾಗಿಯೇ ಸಿಗುತ್ತದೆ, ಯಾಕೆಂದರೆ ಬಿಸಿಯಲ್ಲಿ ಕೆಟ್ಟು ತಣಿದಾಗ ಸರಿಹೋಗುವ ದೋಷ ಒಂದು ಜಾತಿ, ತಣಿದರೂ ಹಾಗೇ ಇರುವುದು ಇನ್ನೊಂದು ಜಾತಿ.

ಸೆಲ್ಫ್ ಒತ್ತಿದರೆ ಏನೂ ಆಗುತ್ತಿಲ್ಲ

ಮೊದಲು ಹ್ಯಾಂಡಲ್‌ನ ಬಲಗಡೆಯ, ಎಂಜಿನ್ ಬಂದ್ ಮಾಡುವ ಕೆಂಪು ಕಿಲ್ ಸ್ವಿಚ್ ನೋಡಿ. ನಗಬೇಡಿ. ಮಳೆಯಲ್ಲಿ ಗ್ಲೌಸ್ ಹಾಕಿದ ಹೆಬ್ಬೆರಳು ತಾಗಿ ಅದು ಆಫ್ ಆಗಿರುವುದು ದಿನನಿತ್ಯದ ಕತೆ. ಆಮೇಲೆ ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲಕ್ಕಿದೆಯೇ, ನ್ಯೂಟ್ರಲ್ ದೀಪ ಹತ್ತಿದೆಯೇ, ಕ್ಲಚ್ ಪೂರ್ತಿ ಒತ್ತಿದ್ದೀರಾ ನೋಡಿ. ಸ್ಟ್ಯಾಂಡಿನ ಬುಡದಲ್ಲಿ ಒಂದು ಸಣ್ಣ ಸ್ವಿಚ್ ಇದೆ. ಕೆಸರು ಮೆತ್ತಿಕೊಂಡರೆ ಸ್ಟ್ಯಾಂಡ್ ಇನ್ನೂ ಕೆಳಗಿದೆ ಎಂದೇ ಗಾಡಿ ತಿಳಿಯುತ್ತದೆ. ನೀರು ಹಾಕಿ ತೊಳೆದು ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ.

ಇವೆಲ್ಲ ಸರಿ ಇದ್ದರೆ ಹಾರನ್ ಒತ್ತಿ. ಹಾರನ್ ಗಟ್ಟಿಯಾಗಿದ್ದು ಸೆಲ್ಫ್ ಮಾತ್ರ ಸುಮ್ಮನಿದ್ದರೆ ಸೆಲ್ಫ್ ರಿಲೇ (ಮೋಟರಿಗೆ ಕರೆಂಟ್ ಬಿಡುವ ಸ್ವಿಚ್), ಕ್ಲಚ್ ಸ್ವಿಚ್ ಅಥವಾ ಸೆಲ್ಫ್ ಮೋಟರಿನ ವೈರಿನಲ್ಲಿ ದೋಷ. ಕಿಕ್ಕರ್ ಇದ್ದರೆ ಅದರಲ್ಲೇ ಹೊಡೆದು ಮುಂದೆ ಹೋಗಬಹುದು. ಹಾರನ್ ನರಳಿದರೆ, ಸೆಲ್ಫ್ ‘ಟಿಕ್ ಟಿಕ್ ಟಿಕ್’ ಎಂದರೆ ಬ್ಯಾಟರಿ ಸೋತಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ. ಸೀಟು ತೆಗೆದು ಟರ್ಮಿನಲ್ ಬೋಲ್ಟ್ ಅಲುಗಾಡಿಸಿ ನೋಡಿ. ಕೆಟ್ಟ ರಸ್ತೆಯಲ್ಲಿ ದಿನಕ್ಕೆ 300 ಕಿ.ಮೀ. ಓಡಿಸಿದರೆ ಅದು ಸಡಿಲಾಗಿಯೇ ಆಗುತ್ತದೆ. ಬಿಳಿ ಹಸಿರು ಬೂಷ್ಟಿನಂಥದ್ದು ಕಟ್ಟಿದ್ದರೆ ಕೆರೆದು ಬಿಗಿಮಾಡಿ.

ಮೀಟರಿನ ದೀಪ, ಹಾರನ್ ಯಾವುದೂ ಇಲ್ಲವೆಂದರೆ ಮುಖ್ಯ ಫ್ಯೂಸು ಹೋಗಿರಬಹುದು. ಅದನ್ನು ಬದಲಿಸುವುದು ಎರಡು ನಿಮಿಷದ ಕೆಲಸ. ಆದರೆ ಎಷ್ಟು ಆಂಪಿಯರಿನದು ಇತ್ತೋ ಅಷ್ಟರದ್ದೇ ಹಾಕಿ. ಹೊಸ ಫ್ಯೂಸೂ ತಕ್ಷಣ ಸುಟ್ಟರೆ ಎಲ್ಲೋ ವೈರು ಗಾಡಿಯ ಲೋಹಕ್ಕೆ ತಾಗುತ್ತಿದೆ. ಮೊದಲು ಅನುಮಾನಿಸಬೇಕಾದದ್ದು ನೀವು ಹೊರಗಿನಿಂದ ಹಾಕಿಸಿದ ಫಾಗ್ ಲೈಟು, ಮೊಬೈಲ್ ಚಾರ್ಜರ್. ಅವನ್ನು ಕಳಚಿ ಇನ್ನೊಂದು ಫ್ಯೂಸು ಹಾಕಿ ನೋಡಿ. ಸಿಗರೇಟ್ ಪ್ಯಾಕಿನ ತಗಡೋ ತಾಮ್ರದ ತಂತಿಯೋ ಸುತ್ತಿ ‘ಸದ್ಯಕ್ಕೆ’ ಓಡಿಸುವುದು ಬೇಡ. ಫ್ಯೂಸಿನ ಬದಲು ಪೆಟ್ರೋಲ್ ಟ್ಯಾಂಕಿನ ಅಡಿಯ ವೈರಿಂಗ್ ಹತ್ತಿಕೊಳ್ಳುತ್ತದೆ.

ಸಣ್ಣ ಮಲ್ಟಿಮೀಟರ್ ಇದ್ದರೆ ಊಹೆ ಬೇಕಿಲ್ಲ. ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಸುಮಾರು ಇದ್ದರೆ ತುಂಬಿದೆ. 12.2 ಎಂದರೆ ಅರ್ಧ. 11.8ಕ್ಕಿಂತ ಕೆಳಗೆ ಎಂದರೆ ಖಾಲಿ. 12.5 ತೋರಿಸಿದ್ದು ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಆಯುಸ್ಸು ಮುಗಿದಿದೆ, ಎಷ್ಟು ಚಾರ್ಜ್ ಮಾಡಿದರೂ ನಾಳೆ ಮತ್ತೆ ಅದೇ ಪಾಡು.

ತಳ್ಳಿ ಸ್ಟಾರ್ಟ್ ಮಾಡುವುದಾದರೆ ಇಳಿಜಾರು ನೋಡಿ, ಕೀ ಆನ್, ಎರಡನೇ ಗೇರು, ಕ್ಲಚ್ ಹಿಡಿದು ವೇಗ ಬಂದಾಗ ಒಮ್ಮೆಲೇ ಬಿಡಿ. ಇಂಜೆಕ್ಷನ್ ಗಾಡಿಯಲ್ಲಿ ಮೀಟರೇ ಹತ್ತುವುದಿಲ್ಲ ಎಂದರೆ ತಳ್ಳಿ ದಣಿಯಬೇಡಿ. ಪೆಟ್ರೋಲ್ ಪಂಪಿಗೆ ಕರೆಂಟ್ ಬೇಕು. ಆಗ ದಾರಿಯಲ್ಲಿ ಹೋಗುವ ಕಾರಿನವರನ್ನು ನಿಲ್ಲಿಸಿ ಜಂಪರ್ ವೈರಿನಿಂದ ಹಚ್ಚಿ. ಕಾರಿನ ಎಂಜಿನ್ ಬಂದ್ ಇರಲಿ. ಕೆಂಪು ವೈರು ಮೊದಲು ನಿಮ್ಮ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಕಾರಿನ ಪ್ಲಸ್ಸಿಗೆ. ಕಪ್ಪು ವೈರು ಕಾರಿನ ಮೈನಸ್ಸಿಗೆ, ಕೊನೆಯ ತುದಿ ನಿಮ್ಮ ಎಂಜಿನ್ನಿನ ಬರಿ ಲೋಹಕ್ಕೆ. ತೆಗೆಯುವಾಗ ಇದೇ ಕ್ರಮ ಉಲ್ಟಾ.

ನಿನ್ನೆ ಸರಿಯಿದ್ದ ಬ್ಯಾಟರಿ ಇವತ್ತು ಬೆಳಿಗ್ಗೆ ಖಾಲಿ

ಇಡೀ ದಿನ ಓಡಿಸಿಯೂ ಬ್ಯಾಟರಿ ತುಂಬಿಲ್ಲವೆಂದರೆ ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಚಾರ್ಜಿಂಗ್ ನೋಡಿ. ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಹಿಡಿದರೆ ಬ್ಯಾಟರಿಯ ತುದಿಗಳಲ್ಲಿ 13.5ರಿಂದ 14.5 ವೋಲ್ಟ್ ಬರಬೇಕು. 13 ಕೂಡ ದಾಟದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಅಂಥ ಗಾಡಿಯನ್ನು ಓಡಿಸುತ್ತ ಹೋದರೆ ಬಲ್ಬುಗಳು ಒಂದೊಂದೇ ಸುಡುತ್ತವೆ, ಬ್ಯಾಟರಿ ಊದಿಕೊಳ್ಳುತ್ತದೆ. ರೆಗ್ಯುಲೇಟರಿಗೆ ಬರುವ ವೈರುಗಳನ್ನು ಜೋಡಿಸುವ ಕಪ್ಲರ್ ಕಳಚಿ ನೋಡಿ. ಒಳಗಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದ್ದರೆ ಅಲ್ಲೇ ದೋಷ. ಊರಿನ ಆಟೋ ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಸರಿಮಾಡಿಕೊಡುತ್ತಾರೆ. ಎಂಜಿನ್ನಿನ ಒಳಗೆ ಕರೆಂಟ್ ಹುಟ್ಟಿಸುವ ಕಾಯಿಲ್ ಸುಟ್ಟಿದ್ದರೆ ಅದು ಪೇಟೆಯ ಕೆಲಸ.

ಚಾರ್ಜಿಂಗ್ ಸತ್ತ ಗಾಡಿಯನ್ನು ಹಗಲಿನಲ್ಲಿ ಪೇಟೆ ಮುಟ್ಟಿಸುವ ಉಪಾಯ ಒಂದಿದೆ. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಸದಾ ಹತ್ತಿರುತ್ತದೆ. ಹ್ಯಾಲೊಜೆನ್ ಬಲ್ಬಿನ ಡಿಮ್ ಒಂದೇ 35ರಿಂದ 55 ವ್ಯಾಟ್, ಅಂದರೆ ಮೂರರಿಂದ ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಬಲ್ಬಿನ ಹಿಂದಿನ ಕಪ್ಲರ್ ಕಿತ್ತಿಟ್ಟರೆ ಬ್ಯಾಟರಿಯಲ್ಲಿ ಉಳಿದದ್ದು ಎಂಜಿನ್ನಿಗೆ ಸಿಗುತ್ತದೆ. ಮೊಬೈಲ್ ಚಾರ್ಜರ್ ಕಳಚಿ, ದಾರಿಯಲ್ಲಿ ಎಂಜಿನ್ ಆಫ್ ಮಾಡದೆ ಹೋಗಿ. ಸಂಜೆಯಾದರೆ ಈ ಉಪಾಯ ಬೇಡ, ಸಿಕ್ಕ ಊರಿನಲ್ಲಿ ಉಳಿದುಕೊಳ್ಳಿ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಟ್ಯಾಂಕ್ ಮುಚ್ಚಳ ತೆಗೆದು ಗಾಡಿ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಸದ್ದಾಗುತ್ತದೆಯೇ ಕೇಳಿ. ಮೀಟರನ್ನು ನಂಬಬೇಡಿ. ಹಳೆಯ ಗಾಡಿಯಾದರೆ ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯ ನಲ್ಲಿ) ಆನ್ ಇದೆಯೇ, ರಿಸರ್ವ್‌ಗೆ ತಿರುಗಿಸಿದಿರಾ ನೋಡಿ. ಇಂಜೆಕ್ಷನ್ ಗಾಡಿಯಾದರೆ ಕೀ ಆನ್ ಮಾಡಿ ಕಿವಿಯನ್ನು ಟ್ಯಾಂಕಿನ ಹತ್ತಿರ ತನ್ನಿ. ಎರಡು ಮೂರು ಸೆಕೆಂಡ್ ‘ಝೂಂ’ ಎಂದು ಪಂಪ್ ಓಡಿ ನಿಲ್ಲಬೇಕು. ಸದ್ದೇ ಇಲ್ಲವೆಂದರೆ ಪಂಪಿನ ಫ್ಯೂಸು, ಕಿಲ್ ಸ್ವಿಚ್ ಇನ್ನೊಮ್ಮೆ ನೋಡಿ. ಅವು ಸರಿಯಿದ್ದರೆ ಪಂಪ್ ಅಥವಾ ಅದರ ರಿಲೇ ಹೋಗಿದೆ, ರಸ್ತೆ ಬದಿಯಲ್ಲಿ ಆಗುವ ಕೆಲಸವಲ್ಲ.

ಗಾಡಿ ಈಗಷ್ಟೇ ಮಗುಚಿತ್ತೇ? ಇಂಜೆಕ್ಷನ್ ಗಾಡಿಗಳಲ್ಲಿ ವಾಲಿಕೆ ಅಳೆಯುವ ಸೆನ್ಸರ್ ಪೆಟ್ರೋಲ್ ಕಡಿತ ಮಾಡಿರುತ್ತದೆ. ಗಾಡಿ ನೆಟ್ಟಗೆ ನಿಲ್ಲಿಸಿ, ಕೀ ಆಫ್ ಮಾಡಿ, ಹತ್ತು ಎಣಿಸಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ. ಕಾರ್ಬೊರೇಟರ್ ಗಾಡಿ ಮಗುಚಿದರೆ ಪೆಟ್ರೋಲ್ ತುಂಬಿ ಪ್ಲಗ್ (ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್) ಒದ್ದೆಯಾಗಿರುತ್ತದೆ. ಕಾಕ್ ಬಂದ್ ಮಾಡಿ, ಚೋಕ್ ಇಲ್ಲದೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಕಿಕ್ ಹೊಡೆಯಿರಿ. ಸೆಲ್ಫನ್ನು ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ನಡುವೆ ಅರ್ಧ ನಿಮಿಷ ಬಿಡಿ.

ಇನ್ನೂ ಹಿಡಿಯದಿದ್ದರೆ ಪ್ಲಗ್. ಅಲ್ಯುಮಿನಿಯಂ ಹೆಡ್ಡಿನ (ಎಂಜಿನ್ ತಲೆಯ) ತಿರುಪಿನ ಗೆರೆ ಬಿಸಿಯಲ್ಲಿ ಕಿತ್ತುಬರುತ್ತದೆ, ಆದ್ದರಿಂದ ತಣಿದ ಮೇಲೆಯೇ ಬಿಚ್ಚಿ. ಬಿಚ್ಚುವ ಮುನ್ನ ಸುತ್ತಲಿನ ಮರಳನ್ನು ಊದಿ ತೆಗೆಯಿರಿ. ಹೊರಬಂದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನಡುವಿನ ಬಿಳಿ ಪಿಂಗಾಣಿ ಮೂತಿಯನ್ನು ನೋಡಿ. ತೆಳು ಕಾಫಿ ಬಣ್ಣವಿದ್ದರೆ ಎಂಜಿನ್ನಿನ ಒಳಗೆ ಎಲ್ಲ ಕ್ಷೇಮ. ಕೈಗೆ ಹತ್ತುವ ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್ ಕಟ್ಟಿದೆ ಅಥವಾ ಚೋಕ್ ಎಳೆದೇ ಇದೆ. ಹೊಳೆಯುವ ಜಿಡ್ಡು ಕಪ್ಪು ಎಂದರೆ ಆಯಿಲ್ ಒಳಗೆ ಬರುತ್ತಿದೆ. ಸುಣ್ಣದಂತೆ ಬೆಳ್ಳಗೆ, ಬೊಬ್ಬೆ ಬಂದಂತಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ. ಲಡಾಖಿನ ಖರ್ದುಂಗ್ ಲಾದಂಥ 5,000 ಮೀಟರ್ ದಾಟಿದ ಎತ್ತರದಲ್ಲಿ ಕಾರ್ಬೊರೇಟರ್ ಗಾಡಿಯ ಪ್ಲಗ್ ಕಪ್ಪಾಗುವುದು ಸಹಜ, ಅಲ್ಲಿ ಗಾಳಿಯೇ ತೆಳು. ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗ) ಬಿಚ್ಚಲು ಹೋಗಬೇಡಿ, ಕೆಳಗಿಳಿದರೆ ಸರಿಯಾಗುತ್ತದೆ.

ಕಿಡಿ ನೋಡಬೇಕಿದ್ದರೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಸೆಲ್ಫ್ ಒತ್ತಿ. ನೀಲಿ ಕಿಡಿ ‘ಚಟ್ ಚಟ್’ ಎನ್ನಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಹಬೆ ಚಿಮ್ಮುತ್ತದೆ, ಕಿಡಿಯನ್ನು ಅದರಿಂದ ದೂರ ಇರಿಸಿ, ಮುಖ ಬಗ್ಗಿಸಬೇಡಿ. ಕಿಡಿ ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ಮತ್ತೆ ನೋಡಿ. ಒಂದು ಪ್ಲಗ್, ಅದರ ಸ್ಪಾನರ್ ಚೀಲದಲ್ಲಿ ಇರಲೇಬೇಕು. ಬೇರೆ ಎಷ್ಟೋ ಸಾಮಾನಿಗಿಂತ ಅದಕ್ಕೆ ಮೊದಲ ಜಾಗ. ಹಾಕುವಾಗ ಬೆರಳಿನಲ್ಲೇ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಸ್ಪಾನರಿನಿಂದ ಹೊಸದಕ್ಕೆ ಅರ್ಧ ಸುತ್ತು, ಹಳೆಯದಕ್ಕೆ ಸ್ವಲ್ಪವೇ.

ಓಡುತ್ತಿದ್ದ ಗಾಡಿ ಮಿಸ್ ಹೊಡೆಯುತ್ತದೆ, ಉಸಿರು ಕಟ್ಟಿದಂತೆ ನಿಲ್ಲುತ್ತದೆ

ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಹುಸ್’ ಎಂದು ಗಾಳಿ ಒಳಗೆಳೆದುಕೊಂಡು, ಆಮೇಲೆ ಗಾಡಿ ಹಿಡಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಟ್ಯಾಂಕ್ ಬ್ಯಾಗಿನ ರೇನ್‌ಕವರ್ ಮುಚ್ಚಳದ ಮೇಲೆ ಬಿಗಿಯಾಗಿ ಕೂತರೂ ಹೀಗಾಗುತ್ತದೆ. ಅರ್ಧ ಗಂಟೆಗೊಮ್ಮೆ ಸಾಯುವ ಗಾಡಿಗೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ, ಹೀಗಿದ್ದೂ ಕಾರ್ಬೊರೇಟರ್ ಬಿಚ್ಚಿಸಿದವರೇ ಹೆಚ್ಚು.

ಮಳೆಯಲ್ಲಿ ಮಾತ್ರ ಮಿಸ್ ಹೊಡೆದರೆ ಪ್ಲಗ್ ಕ್ಯಾಪಿನೊಳಗೆ ನೀರು. ಕಿತ್ತು, ಒಣ ಬಟ್ಟೆಯಿಂದ ಒಳಗೆ ಒರೆಸಿ, ವೈರಿನಲ್ಲಿ ಬಿರುಕಿದ್ದರೆ ಇನ್ಸುಲೇಷನ್ ಟೇಪ್ ಸುತ್ತಿ.

ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಕೆಲವೇ ಕಿಲೋಮೀಟರಿನಲ್ಲಿ ಶುರುವಾದರೆ ಪೆಟ್ರೋಲಿನಲ್ಲಿ ನೀರು. ಎಥನಾಲ್ ಬೆರೆತ ಪೆಟ್ರೋಲಿಗೆ ಸ್ವಲ್ಪ ನೀರು ಸೇರಿದರೆ ಎಥನಾಲ್ ನೀರಿನ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಎಂಜಿನ್ನಿಗೆ ಮೊದಲು ಹೋಗುವುದೇ ಆ ತಳದ್ದು. ಪಾರದರ್ಶಕ ಬಾಟಲಿಗೆ ಸ್ವಲ್ಪ ಇಳಿಸಿ ಹತ್ತು ನಿಮಿಷ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸದೆ ಬೇರೆ ದಾರಿಯಿಲ್ಲ. ಕಾರ್ಬೊರೇಟರ್ ಗಾಡಿಯಾದರೆ ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಅದನ್ನೂ ಖಾಲಿ ಮಾಡಿ. ರಾತ್ರಿ ಮಳೆಗೆ ಹೊರಗೆ ನಿಲ್ಲಿಸಿದ್ದಾದರೆ ಬಂಕಿನವರನ್ನು ಬೈಯುವ ಮೊದಲು ಮುಚ್ಚಳದ ಸುತ್ತಲಿನ ನೀರಿಳಿಯುವ ತೂತು ನೋಡಿ, ಅದು ಕಟ್ಟಿದ್ದರೆ ನೀರು ಬಂದದ್ದು ಆಕಾಶದಿಂದ.

ಕಾದಾಗ ಸತ್ತು, ಇಪ್ಪತ್ತು ನಿಮಿಷ ತಣಿದರೆ ಬದುಕಿ, ಮತ್ತೆ ಕಾದಾಗ ಸಾಯುವುದು ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್, ಇಲ್ಲವೇ ಕಿಡಿಯ ಹೊತ್ತು ತಿಳಿಸುವ, ಎಂಜಿನ್ನಿನ ಒಳಗಿನ ಪಿಕಪ್ ಕಾಯಿಲ್ ಕೆಟ್ಟ ಲಕ್ಷಣ. ಹೀಗೆ ತಣಿಸಿ ತಣಿಸಿ ಹತ್ತಿರದ ಊರಿಗೆ ಹೋಗಬಹುದು, ಘಾಟಿ ಇಳಿಯಲು ಹೋಗಬಾರದು.

ಮೀಟರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿದ್ದು ಗಾಡಿ ಎಂದಿನಂತೆ ಓಡುತ್ತಿದ್ದರೆ ಗಾಬರಿ ಬೇಡ, ಸಂಜೆಯೊಳಗೆ ಸರ್ವಿಸ್ ಸೆಂಟರಿನಲ್ಲಿ ತೋರಿಸಿ. ದೀಪದ ಜೊತೆ ಎಳೆತವೂ ಹೋದರೆ ನಿಧಾನ ಓಡಿಸಿ ಹತ್ತಿರದ ಪೇಟೆಯಲ್ಲಿ ನಿಲ್ಲಿ. ಎಬಿಎಸ್ ದೀಪ ಸ್ಟಾರ್ಟ್ ಆದಾಗ ಹತ್ತಿ ಗಾಡಿ ಚಲಿಸಿದ ಮೇಲೆ ಆರುವುದು ಸರಿಯಾದ ನಡವಳಿಕೆ. ಆರದೇ ಉಳಿದರೆ ಬ್ರೇಕು ಇರುತ್ತದೆ, ಚಕ್ರ ಲಾಕ್ ಆಗದಂತೆ ತಡೆಯುವ ಕಾವಲು ಇರುವುದಿಲ್ಲ. ಚಕ್ರದ ಬಳಿಯ ಸೆನ್ಸರಿಗೆ ಕೆಸರು ಮೆತ್ತಿದೆಯೇ ನೋಡಿ.

ಎಂಜಿನ್ ವಿಪರೀತ ಬಿಸಿ, ಸದ್ದು ಬದಲಾಗಿದೆ, ಹೊಗೆ

ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿ ತೊಡೆಗೆ ಬಿಸಿ ತಟ್ಟುವುದು ದೋಷವಲ್ಲ. ಬಿಸಿಯ ಜೊತೆ ಎಳೆತ ಕಡಿಮೆಯಾಗಿ, ಎಂಜಿನ್ನಿನಿಂದ ಒಣ ‘ಕಟಕಟ’ ಬಂದರೆ ಆಗ ದೋಷ. ಕೂಡಲೇ ನಿಲ್ಲಿಸಿ, ಐದು ಹತ್ತು ನಿಮಿಷ ಬಿಟ್ಟು, ಗಾಡಿ ನೆಟ್ಟಗೆ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಒಂಟಿಯಾಗಿದ್ದಾಗ ನೆಟ್ಟಗೆ ಹಿಡಿದು ಗಾಜಿನ ಕಿಂಡಿ ಇಣುಕುವುದು ಸರ್ಕಸ್ಸು. ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಕಿಂಡಿಯ ಎದುರಿಟ್ಟು ಗಾಡಿ ಎತ್ತಿಹಿಡಿಯಿರಿ.

ಕೆಳಗಿನ ಗೆರೆಗಿಂತ ಕಡಿಮೆಯಿದ್ದರೆ 100 ಮಿ.ಲೀ.ನಂತೆ ಹಾಕುತ್ತ ಮಟ್ಟ ನೋಡಿ. ಮೇಲಿನ ಗೆರೆ ದಾಟಿಸಬೇಡಿ. ಅಂಗಡಿಯವರು ಕಾರಿನ ಆಯಿಲ್ ಕೊಟ್ಟರೆ ಬೇಡವೆನ್ನಿ. ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನದ್ದರಲ್ಲಿ ಜಾರತೊಡಗುತ್ತದೆ. ಡಬ್ಬಿಯ ಮೇಲೆ ಬೈಕಿನ ಆಯಿಲಿನ ಗುರುತಾದ ಜಾಸೊ ಎಂಎ (JASO MA) ಅಥವಾ ಎಂಎ2 (MA2) ಎಂದಿರಬೇಕು. ಆಯಿಲ್ ಸರಿಯಿದ್ದೂ ಸದ್ದು ಹೋಗದಿದ್ದರೆ ಓಡಿಸಬೇಡಿ. ಕೆಂಪು ಆಯಿಲ್ ದೀಪವಿರುವ ಗಾಡಿಯಲ್ಲಿ ಅದು ಓಟದಲ್ಲಿ ಹತ್ತಿದರೆ ‘ಇನ್ನೆರಡು ಕಿಲೋಮೀಟರ್’ ಎನ್ನುವುದೂ ಬೇಡ, ಪಿಸ್ಟನ್ ಜಾಮ್ ಆಗಲು ಅಷ್ಟು ಸಾಕು.

ನೀಲಿ ಹೊಗೆ ಆಯಿಲ್ ಸುಡುತ್ತಿರುವುದು. ಆಯಿಲ್ ಹಾಕಿಕೊಳ್ಳುತ್ತ ಊರು ಸೇರಬಹುದು, ನೂರು ಕಿಲೋಮೀಟರಿಗೊಮ್ಮೆ ಮಟ್ಟ ನೋಡಿ. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದದ್ದು. ಚಳಿಯ ಬೆಳಿಗ್ಗೆ ಬರುವ ಬಿಳಿ ಹಬೆ ಎರಡು ನಿಮಿಷದಲ್ಲಿ ತಾನೇ ಹೋಗುತ್ತದೆ.

ರೇಸ್ ಏರುತ್ತದೆ, ಗಾಡಿ ಏರುವುದಿಲ್ಲ, ಗೇರು ಬೀಳುವುದಿಲ್ಲ

ಏರಿನಲ್ಲಿ ಎಂಜಿನ್ ಕೂಗಿ ವೇಗ ಹೆಚ್ಚದಿದ್ದರೆ ಕ್ಲಚ್ ಜಾರುತ್ತಿದೆ. ಮೊದಲು ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ. ಸಡಿಲ ಆಟ ಇದೆಯೇ ನೋಡಿ. ಆಟವೇ ಇಲ್ಲವೆಂದರೆ ಕೇಬಲ್ ಬಿಗಿಯಾಗಿ ಕ್ಲಚ್ ಯಾವಾಗಲೂ ಅರ್ಧ ಒತ್ತಿದಂತೆಯೇ ಇರುತ್ತದೆ, ಅಡ್ಜಸ್ಟರ್ ತಿರುಗಿಸಿದರೆ ಮುಗಿಯಿತು. ಆಟ ಸರಿಯಿದ್ದೂ ಜಾರಿದರೆ ಪ್ಲೇಟು ಸವೆದಿದೆ. ಸಾಮಾನು ಇಳಿಸಿ, ಹಾಫ್ ಕ್ಲಚ್ ಹಿಡಿಯದೆ, ಏರು ತಪ್ಪಿಸಿ ಪೇಟೆ ಸೇರಿ. ಇದಕ್ಕೆ ತದ್ವಿರುದ್ಧವಾಗಿ ಆಟ ಹೆಚ್ಚಿದ್ದರೆ ಕ್ಲಚ್ ಪೂರ್ತಿ ಬಿಡದೆ ಗೇರು ಕಚ್ಚುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ.

ಕೇಬಲ್ ತುಂಡಾಗುವುದು ಬಹುತೇಕ ಲಿವರಿನ ಬುಡದ ಗುಂಡು ಕೂರುವ ಜಾಗದಲ್ಲೇ. ಲಿವರ್ ಒತ್ತಿ ಹಿಡಿದು ಟಾರ್ಚ್ ಬಿಡಿ. ಒಂದೆರಡು ಎಳೆ ಬಿಚ್ಚಿಕೊಂಡು ಮೀಸೆಯಂತೆ ಎದ್ದಿದ್ದರೆ ಅದು ನೋಟಿಸು. ದೂರ ಹೊರಡುವವರು ಹೊಸ ಕೇಬಲ್ಲನ್ನು ಹಳೆಯದರ ಜೊತೆಯಲ್ಲೇ ಎಳೆದು ಟೇಪ್ ಸುತ್ತಿಟ್ಟುಕೊಂಡರೆ ತುಂಡಾದಾಗ ಎರಡು ತುದಿ ಬದಲಿಸಿದರೆ ಸಾಕು, ಟ್ಯಾಂಕ್ ಬಿಚ್ಚಬೇಕಿಲ್ಲ. ಅದೂ ಇಲ್ಲದಿದ್ದರೆ ಕ್ಲಚ್ ಇಲ್ಲದೆಯೇ ಓಡಿಸಬಹುದು: ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕಾಲಿನಿಂದ ತಳ್ಳುತ್ತ ಓಟ ಬಂದಾಗ ಮೊದಲ ಗೇರು ಹಾಕಿ, ಮುಂದಿನ ಗೇರಿಗೆ ಆಕ್ಸಿಲರೇಟರ್ ಕ್ಷಣ ಬಿಟ್ಟು ಪೆಡಲ್ ಒತ್ತಿ. ಪೇಟೆಯ ಟ್ರಾಫಿಕ್ಕಿನಲ್ಲಿ ಇದು ನಡೆಯದು, ಊರ ಹೊರಗಿನ ಮೊದಲ ಗ್ಯಾರೇಜಿಗೇ ನಿಲ್ಲಿ.

ಕೆಳಗಿನಿಂದ ಬರುವ ‘ಕಟಕಟ’ ಚೈನಿನದು. ಎರಡು ಸ್ಪ್ರಾಕೆಟ್ ನಡುವೆ ಕೆಳಗಿನ ಚೈನನ್ನು ಬೆರಳಿನಿಂದ ಎತ್ತಿ ಇಳಿಸಿ. ಹೆಚ್ಚಿನ ಗಾಡಿಗಳಿಗೆ 25ರಿಂದ 30 ಮಿ.ಮೀ. ಆಡಿದರೆ ಸರಿ. ಚಕ್ರ ತಿರುಗಿಸುತ್ತ ನಾಲ್ಕು ಕಡೆ ಅಳೆಯಿರಿ, ಒಂದು ಕಡೆ ಬಿಗಿ ಇನ್ನೊಂದು ಕಡೆ ಜೋತು ಬಿದ್ದಿದ್ದರೆ ಚೈನು ಮುಗಿದಿದೆ. ಸಡಿಲ ತೆಗೆಯುವಾಗ ಎರಡೂ ಬದಿಯ ಅಡ್ಜಸ್ಟರ್ ಒಂದೇ ಗೆರೆಗೆ ಬರಲಿ. ಅತಿ ಬಿಗಿ ಮಾಡಿದರೆ ಲಗೇಜಿನ ಭಾರಕ್ಕೆ ಇನ್ನೂ ಬಿಗಿದು ಗೇರ್‌ಬಾಕ್ಸಿನ ಬೇರಿಂಗ್ ತಿನ್ನುತ್ತದೆ. ಲಾಕ್ ಇರುವ ಚೈನಾದರೆ ಕ್ಲಿಪ್ಪಿನ ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗೆ ಇರಬೇಕು. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿದ ಸಂಜೆ, 90 ನಂಬರಿನ ಗೇರ್ ಆಯಿಲ್ ಸವರಿ. ಎಂಜಿನ್ ಓಡಿಸುತ್ತ ಚೈನ್ ಒರೆಸಿ ಬೆರಳು ಕಳೆದುಕೊಂಡವರಿದ್ದಾರೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಬ್ರೇಕ್ ಲಿವರ್ ಮೆತ್ತಗಾಗಿದೆ

ಈ ಲಕ್ಷಣಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಗಮನ ಕೊಡಿ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಬ್ರೇಕ್ ಕೆಟ್ಟರೆ ನಿಲ್ಲುವುದಿಲ್ಲ.

ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುತ್ತಿರುವಾಗ ಲಿವರ್ ನಿಧಾನವಾಗಿ ಹ್ಯಾಂಡಲ್ಲಿನ ಹತ್ತಿರ ಬರತೊಡಗಿದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ. ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು. ತೇವ ಸೇರಿದ ಮೇಲೆ ಆ ಮಿತಿ 155ರವರೆಗೆ ಇಳಿಯಬಹುದು. ಕುದಿದಾಗ ಹುಟ್ಟುವ ಗುಳ್ಳೆ ಒತ್ತಡವನ್ನು ನುಂಗಿಬಿಡುತ್ತದೆ. ಆಗ ಲಿವರನ್ನು ಬೇಗ ಬೇಗ ಮೂರು ನಾಲ್ಕು ಸಲ ಒತ್ತಿ ಬಿಟ್ಟು ಮಾಡಿ, ಗೇರು ಇಳಿಸಿ, ಮೊದಲ ಸುರಕ್ಷಿತ ಜಾಗದಲ್ಲಿ ನಿಲ್ಲಿ. ಅರ್ಧ ಗಂಟೆ ಕಾಯಿರಿ. ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ತಣಿದ ಮೇಲೆ ಲಿವರ್ ಗಟ್ಟಿಯಾದರೆ ಎರಡನೇ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲೇ ಇಳಿದು ಕೆಳಗೆ ಆಯಿಲ್ ಬದಲಿಸಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವವರಿಗೇ ಈ ಗತಿ ಹೆಚ್ಚು.

ತಣಿದರೂ ಮೆತ್ತಗೇ ಇದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಸೋರಿಕೆ. ಲಿವರ್ ಬಳಿಯ ಡಬ್ಬಿಯ ಕಿಂಡಿಯಲ್ಲಿ ಮಟ್ಟ ನೋಡಿ, ಪೈಪಿನುದ್ದಕ್ಕೂ, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಸುತ್ತ ಬೆರಳಾಡಿಸಿ. ಒದ್ದೆ ಸಿಕ್ಕರೆ ಗಾಡಿ ಅಲ್ಲಿಗೆ ನಿಂತಿತು. ಲಿವರ್ ಗಟ್ಟಿಯಿದ್ದು ಹಿಡಿತವಿಲ್ಲವೆಂದರೆ ಪ್ಯಾಡಿಗೆ ಜಿಡ್ಡು ತಾಗಿರಬಹುದು: ಮುಂದಿನ ಫೋರ್ಕಿನ ಸೀಲ್ ಸೋರಿ ಆಯಿಲ್ ಡಿಸ್ಕಿಗೆ ಇಳಿದಿದೆಯೇ ನೋಡಿ. ಪ್ಯಾಡಿನ ದಪ್ಪ ಒಂದೂವರೆ ಮಿ.ಮೀ.ಗೆ ಇಳಿದಿದ್ದರೆ ಘಾಟಿಗೆ ಮುಂಚೆಯೇ ಬದಲಿಸಿ. ‘ಕರ್ರ್’ ಎಂಬ ಲೋಹದ ಸದ್ದು ಬಂದರೆ ಪ್ಯಾಡ್ ಮುಗಿದು ತಗಡೇ ಡಿಸ್ಕನ್ನು ತಿನ್ನುತ್ತಿದೆ.

ಗಾಡಿ ತಾನಾಗಿ ಎಳೆದಂತಾಗಿ, ಹಿಂದಿನ ಚಕ್ರದ ಬಳಿ ಸುಟ್ಟ ವಾಸನೆ ಬಂದರೆ ಮೊದಲು ನಿಮ್ಮ ಬಲಗಾಲು ನೋಡಿಕೊಳ್ಳಿ. ದಪ್ಪ ಬೂಟು ಪೆಡಲ್ ಮೇಲೆ ಸದಾ ಕೂತಿರುತ್ತದೆ.

ಹ್ಯಾಂಡಲ್ ಅದುರುತ್ತದೆ, ಗಾಡಿ ಹಾವಿನಂತೆ ಓಲಾಡುತ್ತದೆ

ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡಗಳ ಬಳಿ ಗಾಡಿ ಪಕ್ಕಕ್ಕೆ ವಾಲಿದರೆ ಅದು ಗಾಳಿಯ ಕೆಲಸ, ವೇಗ ಇಳಿಸಿ. ಗಾಳಿಯಿಲ್ಲದೆಯೂ ಓಲಾಡಿದರೆ ಟಯರ್ ಒತ್ತಿ ನೋಡಿ, ಮೆಲ್ಲನೆ ಗಾಳಿ ಇಳಿಯುತ್ತಿರಬಹುದು. ಟಯರ್ ಸರಿಯಿದ್ದರೆ ಲಗೇಜು. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ, ಎತ್ತರದಲ್ಲಿ ಭಾರ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ವೇಗದಲ್ಲಿ ಗಾಡಿ ಅಲೆಯುತ್ತದೆ. ನೀರು, ಉಪಕರಣಗಳನ್ನು ಕೆಳಗಿನ ಪಕ್ಕದ ಚೀಲಗಳಿಗೆ ಇಳಿಸಿ. ಓಲಾಟ ಶುರುವಾದಾಗ ಬ್ರೇಕ್ ಒತ್ತಬೇಡಿ. ಮೊಣಕಾಲಿನಿಂದ ಟ್ಯಾಂಕ್ ಬಿಗಿದು, ಆಕ್ಸಿಲರೇಟರ್ ನಿಧಾನ ಬಿಡಿ.

ಮುಂದಿನ ಬ್ರೇಕ್ ಹಿಡಿದು ಗಾಡಿ ಹಿಂದೆ ಮುಂದೆ ದೂಡಿದಾಗ ಹ್ಯಾಂಡಲ್ ಕುತ್ತಿಗೆಯಲ್ಲಿ ‘ಟಕ್’ ಎಂದರೆ ಅಲ್ಲಿನ ಬೇರಿಂಗ್ ಸಡಿಲ. ಕಡ್ಡಿ ಚಕ್ರವಾದರೆ ಪ್ರತಿ ಕಡ್ಡಿಯನ್ನೂ ಸ್ಪಾನರಿನಿಂದ ಮೀಟುತ್ತ ಬನ್ನಿ. ಬಿಗಿ ಕಡ್ಡಿ ‘ಟಿಣ್’ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ‘ಟಪ್’ ಎನ್ನುತ್ತದೆ. ಒಂದೆರಡಾದರೆ ನಿಧಾನ ಹೋಗಿ, ಸಾಲಾಗಿ ನಾಲ್ಕೈದಾದರೆ ನಿಲ್ಲಿ.

ಪಂಚರ್ ಆದಾಗ ಹಿಂದಿನ ಚಕ್ರವಾದರೆ ಬಾಲ ತೂಗುತ್ತದೆ, ಮುಂದಿನ ಬ್ರೇಕ್ ಹಗುರಾಗಿ ಬಳಸಿ. ಮುಂದಿನದಾದರೆ ಹ್ಯಾಂಡಲ್ ಭಾರವಾಗುತ್ತದೆ, ಹಿಂದಿನ ಬ್ರೇಕ್ ಮಾತ್ರ. ಟ್ಯೂಬ್‌ಲೆಸ್ ಟಯರಿನಲ್ಲಿ ಮೊಳೆ ಕಂಡು ಗಾಳಿ ನಿಂತಿದ್ದರೆ ಕೀಳಬೇಡಿ, ಹಾಗೇ ಪಂಚರ್ ಅಂಗಡಿಗೆ ಹೋಗಿ. ಇಳಿದಿದ್ದರೆ ಮೊಳೆ ಕಿತ್ತು, ಅದೇ ಓರೆಯಲ್ಲಿ ಅರವನ್ನು ಹತ್ತಾರು ಸಲ ಆಡಿಸಿ, ಅಂಟು ಸವರಿದ ಪಟ್ಟಿಯನ್ನು ಎರಡು ತುದಿ ಹೊರಗುಳಿಯುವಂತೆ ತುರುಕಿ, ಸೂಜಿಯನ್ನು ತಿರುವದೆ ಒಮ್ಮೆಲೇ ಎಳೆಯಿರಿ. ಹೊರಗಿನ ತುದಿಯನ್ನು ಮೂರು ನಾಲ್ಕು ಮಿ.ಮೀ. ಬಿಟ್ಟು ಕತ್ತರಿಸಿ. ಉಗುಳು ಹಚ್ಚಿ ಗುಳ್ಳೆ ನೋಡುವ ಹಳೆಯ ವಿಧಾನ ಇಂದಿಗೂ ಚೆನ್ನ. ಟಯರಿನ ಪಕ್ಕೆ ಹರಿದಿದ್ದರೆ ಪಟ್ಟಿ ನಿಲ್ಲದು. ಟ್ಯೂಬ್ ಇರುವ ಗಾಡಿಯವರು ಮುಂದೆ ಹಿಂದೆ ಎರಡೂ ಅಳತೆಯ ಟ್ಯೂಬ್ ಒಯ್ಯಿರಿ. ಸಣ್ಣ ಊರಿನಲ್ಲಿ ಪಂಚರ್ ಹಾಕುವವರು ಸಿಗುತ್ತಾರೆ, ನಿಮ್ಮ ಅಳತೆಯ ಟ್ಯೂಬ್ ಸಿಗದಿರಬಹುದು.

ನೀರು ದಾಟುವಾಗ ಎಂಜಿನ್ ನಿಂತಿತು

ಸೆಲ್ಫ್ ಒತ್ತಬೇಡಿ, ಕಿಕ್ ಬೇಡ, ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಸಿಲಿಂಡರಿಗೆ ನೀರು ಹೋಗಿದ್ದರೆ ನೀರು ಕುಗ್ಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಡಕ್ಕೆ ತಳ್ಳಿ. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಒಳಗೆ ಒಣಗಿದ್ದರೆ ಪ್ಲಗ್ ಕ್ಯಾಪ್ ಒರೆಸಿ ಸ್ಟಾರ್ಟ್ ಮಾಡಬಹುದು. ಒದ್ದೆಯಿದ್ದರೆ ಫಿಲ್ಟರ್ ಹೊರಗಿಡಿ, ಪ್ಲಗ್ ಬಿಚ್ಚಿ, ಪ್ಲಗ್ ಇಲ್ಲದೆ ಎಂಜಿನ್ ತಿರುಗಿಸಿ ನೀರು ಹೊರಹಾಕಿ. ಆಯಿಲ್ ಕಿಂಡಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಆಯಿಲ್ ಬದಲಿಸದೆ ಒಂದು ಕಿಲೋಮೀಟರೂ ಓಡಿಸಬೇಡಿ. ರಸ್ತೆಯ ಮೇಲೆ ಹರಿಯುವ ನೀರು ಚಕ್ರದ ಅಚ್ಚಿಗಿಂತ ಮೇಲಿದ್ದರೆ, ತಳ ಕಾಣದಿದ್ದರೆ, ಒಂಟಿಯಾಗಿ ಇಳಿಯಬೇಡಿ.

ಇಲ್ಲಿಗೆ ಸಾಕು ಎನ್ನುವುದು ಯಾವಾಗ

ಬ್ರೇಕ್ ಆಯಿಲ್ ಸೋರಿಕೆ, ಹ್ಯಾಂಡಲ್ ಕುತ್ತಿಗೆಯ ಸಡಿಲ, ಎಂಜಿನ್ನಿನ ಒಳಗಿನ ಲೋಹದ ಸದ್ದು, ಪೆಟ್ರೋಲ್ ವಾಸನೆಯ ಜೊತೆ ಒದ್ದೆ: ಈ ನಾಲ್ಕರಲ್ಲಿ ಒಂದಿದ್ದರೂ ಓಡಿಸಬೇಡಿ. ಅನುಮಾನವಿರುವ ಗಾಡಿಯನ್ನು ಸಂಜೆ ಕಾಡುದಾರಿಗೆ ಇಳಿಸಲೇಬೇಡಿ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ 766 ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಒಳಗೆ ನಿಲ್ಲಲೂ ಬಿಡುವುದಿಲ್ಲ, ಕೆಟ್ಟು ನಿಂತರೆ ಆನೆ ದಾಟುವ ಜಾಗದಲ್ಲಿ ಸ್ಪಾನರ್ ಹಿಡಿದು ಕೂರಬೇಕಾಗುತ್ತದೆ. ಗುಂಡ್ಲುಪೇಟೆಯಲ್ಲೇ ಉಳಿಯಿರಿ. ನಿಮ್ಮದೇ ಸ್ಥಿತಿಯೂ ಲೆಕ್ಕಕ್ಕಿದೆ: ಬಿಸಿಲಿಗೆ ತಲೆ ಸುತ್ತಿ ಬೆವರು ನಿಂತಿದ್ದರೆ ಗಾಡಿ ಬಿಟ್ಟು ನೆರಳಿಗೆ ಹೋಗಿ, 108ಕ್ಕೆ ಕರೆ ಮಾಡಿ.

ಗೂಡ್ಸ್ ಗಾಡಿಯಲ್ಲಿ ಹೇರುವುದಾದರೆ ಬಾಡಿಗೆ ಮೊದಲೇ ಮಾತಾಡಿ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಬ್ಯಾಗು ಕಳಚಿ, ಮುಂದಿನ ಚಕ್ರ ಕ್ಯಾಬಿನ್ನಿನ ಗೋಡೆಗೆ ಒತ್ತುವಂತೆ ನಿಲ್ಲಿಸಿ, ಮೊದಲ ಗೇರಿನಲ್ಲಿಡಿ. ಹಗ್ಗವನ್ನು ಹ್ಯಾಂಡಲ್ ಬಾರಿಗಲ್ಲ, ಫೋರ್ಕಿನ ಕೆಳಗಿನ ಕ್ಲ್ಯಾಂಪಿಗೆ ಎರಡೂ ಬದಿಯಿಂದ, ಫೋರ್ಕ್ ಅರ್ಧ ಕುಗ್ಗುವಷ್ಟು ಬಿಗಿಯಿರಿ. ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕಟ್ಟಿದರೆ ಮೊದಲ ರೋಡ್ ಹಂಪಿಗೇ ಬೀಳುತ್ತದೆ.

ಮೆಕ್ಯಾನಿಕ್ ಎದುರು ‘ಕಾಯಿಲ್ ಹೋಗಿದೆ ಅಂತ ಕಾಣುತ್ತೆ’ ಎನ್ನಬೇಡಿ. ಎಷ್ಟು ಕಿಲೋಮೀಟರ್ ಓಡಿದ ಮೇಲೆ, ಬಿಸಿಯಲ್ಲೋ ತಣ್ಣಗಿದ್ದಾಗಲೋ, ಮಳೆಯಲ್ಲೋ, ಪೆಟ್ರೋಲ್ ಹಾಕಿಸಿದ ಎಷ್ಟು ಹೊತ್ತಿಗೆ ಎಂದು ಹೇಳಿ, ಬಿಚ್ಚಿದ ಹಳೆಯ ಪ್ಲಗ್ಗನ್ನು ಅವರ ಕೈಗೆ ಕೊಡಿ.